ಟಿಬೆಟನ್ ಮ್ಯಾಸ್ಟಿಫ್ ಎಂಥ ನಾಯಿ? ನಮ್ಮ ಊರಲ್ಲಿ ಸಾಕಬಹುದಾ?

ಟಿಬೆಟ್ಟಿನಲ್ಲಿ ಇದನ್ನು ‘ದೋ-ಖಿ’ ಎನ್ನುತ್ತಾರೆ. ಕಟ್ಟಿಹಾಕುವ ನಾಯಿ ಎಂದು ಅರ್ಥ. ಹಗಲಲ್ಲಿ ಕುರುಬರ ಡೇರೆ ಅಥವಾ ಮಠದ ಬಾಗಿಲ ಹತ್ತಿರ ಕಟ್ಟಿ, ರಾತ್ರಿ ಕಾವಲಿಗೆ ಬಿಡುತ್ತಿದ್ದರು. ತೋಳ, ಹಿಮಚಿರತೆ, ಕಳ್ಳರು ಯಾರೇ ಬರಲಿ, ಮೊದಲು ಇದನ್ನು ದಾಟಬೇಕಿತ್ತು. ಆ ಗುಣ ಇವತ್ತಿಗೂ ಹೋಗಿಲ್ಲ. ಹಗಲು ಸುಮ್ನೆ ಮಲಗಿರುತ್ತದೆ, ಕತ್ತಲಾದರೆ ಬೊಗಳುತ್ತದೆ. ಮನೆಯವರ ಮೇಲೆ ತುಂಬಾ ಪ್ರೀತಿ, ಹೊರಗಿನವರನ್ನು ಮಾತ್ರ ಬೇಗ ನಂಬುವುದಿಲ್ಲ. ಹೇಳಿದ್ದನ್ನೆಲ್ಲ ಕೇಳುವ ನಾಯಿಯೂ ಅಲ್ಲ, ಸ್ವಂತ ಬುದ್ಧಿ ಜಾಸ್ತಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. 4,000 ಮೀಟರ್ ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅಲ್ವಾ? ಅಲ್ಲಿ ಬದುಕಲು ನೆರವಾಗುವ ಇಪಿಎಎಸ್1 ಜೀನ್ ಇದಕ್ಕೆ ಬಂದದ್ದು ಟಿಬೆಟ್ಟಿನ ತೋಳಗಳಿಂದ. ಹಿಂದೆಂದೋ ತೋಳಗಳ ಜೊತೆ ಬೆರೆತದ್ದರ ಗುರುತು ಅದು.

ಗಂಡು ನಾಯಿ ಭುಜದವರೆಗೆ ಕನಿಷ್ಠ 66 ಸೆಂ.ಮೀ. ಎತ್ತರ. ಮೈ ಮೇಲೆ ಎರಡು ಪದರದ ದಪ್ಪ ಕೂದಲು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಸಾಕುವುದು ಹಿಂಸೆ. ಬೆಂಗಳೂರಿನ ಫ್ಲ್ಯಾಟ್‌ಗೂ ಬೇಡ. ದೊಡ್ಡ ಅಂಗಳ, ಗಟ್ಟಿ ಬೇಲಿ, ತಂಪು ಹವೆ ಇದ್ದರೆ ಮಾತ್ರ ಯೋಚಿಸಿ. ಮರಿ ಸಿಗುವುದೂ ಸುಲಭವಲ್ಲ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ.