ನೀವು ನೋಡದಿದ್ರೂ ಚಂದ್ರ ಇರ್ತಾನೆ, ಆ ಪೆಂಡೆಂಟ್ ಮಾತ್ರ ತೆಗೆದಿಡಿ

ಪ್ರಶ್ನೆ: ಸರ್, ನಾವು ನೋಡೋ ತನಕ ಯಾವ್ದೂ ನಿಜವಾಗಿ ಇರಲ್ಲ, ಮನಸ್ಸೇ ಜಗತ್ತನ್ನ ಸೃಷ್ಟಿ ಮಾಡುತ್ತೆ, ಇದನ್ನ ಕ್ವಾಂಟಮ್ ಫಿಸಿಕ್ಸೇ ಪ್ರೂವ್ ಮಾಡಿದೆ ಅಂತ ಒಂದು ಶಿಬಿರದಲ್ಲಿ ಹೇಳಿದ್ರು. ಅಮ್ಮನ ಮಂಡಿನೋವಿಗೆ ಅಂತ ಅಲ್ಲೇ ಒಂದು ಕ್ವಾಂಟಮ್ ಪೆಂಡೆಂಟ್ ತಗೊಂಡ್ವಿ. ಎಷ್ಟು ನಿಜ ಇದು? (ತೀರ್ಥಹಳ್ಳಿಯ ಓದುಗರು)

ಉತ್ತರ: ಈ ಪ್ರಶ್ನೆ ತಪ್ಪಿದ ತಿಂಗಳೇ ಇಲ್ಲ ಮಾರಾಯ್ರೆ. ಒಂದ್ಸಲ ಸಾಗರದಿಂದ ಬರುತ್ತೆ, ಇನ್ನೊಂದ್ಸಲ ಹೊಸನಗರದಿಂದ, ಶಿಬಿರ ಮಾತ್ರ ಎಲ್ಲ ಕಡೆನೂ ಅದೇ. ಇದಕ್ಕೆಲ್ಲ ಆಧಾರ ಅಂತ ತೋರ್ಸೋದು ಎರಡು ಸೀಳಿನ ಪ್ರಯೋಗನ: ಕಣಗಳನ್ನ ಎರಡು ಸೀಳಿಗೆ ಹಾಯಿಸಿದ್ರೆ ಅಲೆ ತರ ಪಟ್ಟೆ ಮೂಡುತ್ತೆ, ಯಾವ ಸೀಳಲ್ಲಿ ಹೋಯ್ತು ಅಂತ ಪತ್ತೆ ಹಚ್ಚಿದ್ರೆ ಪಟ್ಟೆ ಮಾಯ. ಅದನ್ನ ನಾನಿಲ್ಲಿ ಶುರುವಿಂದ ಹೇಳಲ್ಲ, ಪಿಯುಸಿ ಪುಸ್ತಕ ತೆಗೀರಿ.

ಶಿಬಿರದವರು ಹೇಳದ ಪ್ರಯೋಗ ಒಂದಿದೆ, ಅದನ್ನ ಹೇಳ್ತೀನಿ. 1999ರಲ್ಲಿ ವಿಯೆನ್ನಾದಲ್ಲಿ ಭೌತವಿಜ್ಞಾನಿ ಝೈಲಿಂಗರ್ ಅವರ ತಂಡ 60 ಕಾರ್ಬನ್ ಪರಮಾಣು ಸೇರಿ ಆಗಿರೋ ಚೆಂಡಿನಾಕಾರದ ಅಣುಗಳನ್ನ ಸಣ್ಣ ಸೀಳುಗಳಲ್ಲಿ ಹಾಯಿಸಿ, ಅಷ್ಟು ದೊಡ್ಡ ಅಣುನೂ ಅಲೆ ತರ ವರ್ತಿಸಿ ಪಟ್ಟೆ ಮೂಡಿಸುತ್ತೆ ಅಂತ ತೋರಿಸ್ತು. ಆಮೇಲೆ 2004ರಲ್ಲಿ ಅದೇ ಊರಲ್ಲಿ 70 ಕಾರ್ಬನ್ನಿನ ಅಣುಗಳನ್ನ ಸೀಳಿಗೆ ಕಳ್ಸೋ ಮುಂಚೆ ಲೇಸರ್‌ನಿಂದ ಚೆನ್ನಾಗಿ ಕಾಯಿಸಿದ್ರು. ಬಿಸಿ ಏರಿದ ಹಾಗೆ ಅಣುಗಳು ದಾರಿಯಲ್ಲೇ ಫೋಟಾನ್ (ಬೆಳಕಿನ ಕಣ) ಬಿಡೋಕೆ ಶುರು ಮಾಡಿದ್ವು, ಪಟ್ಟೆ ಮಸುಕಾಗ್ತಾ ಮಸುಕಾಗ್ತಾ ಕೊನೆಗೆ ಅಳಿಸೇ ಹೋಯ್ತು. ಆ ಫೋಟಾನುಗಳನ್ನ ಯಾರೂ ಹಿಡಿದು ನೋಡಿರ್ಲಿಲ್ಲ, ಗಮನಿಸಿ. ಅಣು ಎಲ್ಲಿತ್ತು ಅನ್ನೋ ಸುದ್ದಿ ಫೋಟಾನ್ ಜೊತೆ ಹೊರಗೆ ಹೋದ್ರೆ ಸಾಕು, ಅಲೆಯಾಟ ಮುಗೀತು, ಆ ಸುದ್ದಿ ಓದೋಕೆ ಯೋಗಿನೂ ಬೇಡ ವಿಜ್ಞಾನಿನೂ ಬೇಡ. ಗಾಳಿಯ ಅಣು ಬಂದು ಬಡಿದ್ರೂ ಇದೇ ಗತಿ, ಅದಕ್ಕೇ ಇದನ್ನೆಲ್ಲ ನಿರ್ವಾತದಲ್ಲಿ ಮಾಡೋದು. ಡಿಕೊಹೆರೆನ್ಸ್ ಅಂತಾರೆ ಇದಕ್ಕೆ. ಮನಸ್ಸಿಗೆ ಇಲ್ಲಿ ಒಂದು ಕುರ್ಚಿನೂ ಇಟ್ಟಿಲ್ಲ.

ಇನ್ನು ಚಂದ್ರ. ಅವನ ಮೇಲೆ ಬಿಸಿಲು ಬೀಳ್ತಾನೇ ಇದೆ, ಅವನ ಮೈಯಿಂದ ಶಾಖ ಹೊರಡ್ತಾನೇ ಇದೆ, ಸುದ್ದಿ ಎಲ್ಲ ದಿಕ್ಕಿಗೂ ಸೋರ್ತಾನೇ ಇದೆ. ಆಷಾಢದಲ್ಲಿ ಆಗುಂಬೆಯವ್ರಿಗೆ ವಾರಗಟ್ಟಲೆ ಚಂದ್ರ ಕಾಣಲ್ಲ, ಹಾಗಂತ ಘಟ್ಟದ ಕೆಳಗೆ ಮಲ್ಪೆಯಲ್ಲಿ ಸಮುದ್ರದ ಉಬ್ಬರ ಇಳಿತ ನಿಂತುಬಿಡುತ್ತಾ?

ಆದ್ರೆ 'ಎಲ್ಲ ಸಿಂಪಲ್, ಕಣದ ಗುಣ ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ, ನಾವು ಹೋಗಿ ಓದ್ಕೋತೀವಿ ಅಷ್ಟೇ' ಅಂತ ಬರೆಯೋ ಬುದ್ಧಿವಂತರೂ ಸ್ವಲ್ಪ ತಡ್ಕೊಳ್ಳಿ. ಗುಣಗಳು ಮೊದಲೇ ನಿಗದಿಯಾಗಿದ್ದು, ಬೆಳಕಿಗಿಂತ ವೇಗವಾಗಿ ಯಾವ ಪ್ರಭಾವನೂ ಹೋಗಲ್ಲ ಅನ್ನೋದಾದ್ರೆ ದೂರ ದೂರ ಇರೋ ಜೋಡಿ ಕಣಗಳ ಅಳತೆಗಳು ಒಂದಕ್ಕೊಂದು ತಾಳೆಯಾಗೋದಕ್ಕೆ ಒಂದು ಮಿತಿ ಇರ್ಬೇಕು ಅಂತ ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು, ಪ್ರಯೋಗ ಮಾಡಿ ನೋಡಿದ್ರೆ ಪ್ರಕೃತಿ ಆ ಮಿತಿ ದಾಟುತ್ತೆ. ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ 2022ರ ನೊಬೆಲ್ ಬಂದಿದ್ದು ಇಂಥ ಪ್ರಯೋಗಗಳಿಗೇ. ಇಷ್ಟಾದ್ರೂ ಅಳತೆ ಮಾಡಿದಾಗ ಹಲವು ಸಾಧ್ಯತೆಗಳಲ್ಲಿ ಒಂದೇ ಒಂದು ಯಾಕೆ ಸಿಗುತ್ತೆ ಅನ್ನೋ ಜಗಳ ಇನ್ನೂ ಬಗೆಹರಿದಿಲ್ಲ, ಡಿಕೊಹೆರೆನ್ಸ್ ಕೂಡ ಅದನ್ನ ಪೂರ್ತಿ ಬಗೆಹರಿಸಲ್ಲ. ನಾನು ಯಾವ ಪಕ್ಷ ಅಂತ ಕೇಳ್ಬೇಡಿ. ನಿಜವಾದ ಈ ಗೋಜಲನ್ನ ತೋರಿಸಿ 'ನೋಡಿ, ವಿಜ್ಞಾನಿಗಳಿಗೇ ಗೊತ್ತಿಲ್ಲ, ಹಾಗಾಗಿ ನಮ್ಮ ಪೆಂಡೆಂಟ್ ತಗೊಳ್ಳಿ' ಅಂತಾರಲ್ಲ, ನನಗೆ ಮೈ ಉರಿಯೋದು ಅಲ್ಲಿ.

ಪೆಂಡೆಂಟ್ ವಿಷಯ ತಮಾಷೆ ಅಲ್ಲ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ 'ಕ್ವಾಂಟಮ್', '5ಜಿ ತಡೆ' ಅಂತೆಲ್ಲ ಹೇಳಿ ಮಾರೋ ಇಂಥ 10 ಸಾಮಾನುಗಳಲ್ಲಿ ವಿಕಿರಣ ಇದೆ, ಹಾಕ್ಕೋಬೇಡಿ ಅಂತ ಎಚ್ಚರಿಕೆ ಕೊಡ್ತು. ಪ್ರಮಾಣ ಕಮ್ಮಿನೇ, ಆದ್ರೆ ಹಗಲು ರಾತ್ರಿ ವರ್ಷಗಟ್ಟಲೆ ಚರ್ಮಕ್ಕೆ ತಾಗ್ಸಿಕೊಂಡಿದ್ರೆ ಮಿತಿ ದಾಟಬಹುದು. ನಿಮ್ಮದು ಆ ಜಾತಿದಾ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಮೀಟರ್ ಇಟ್ಟೇ ನೋಡ್ಬೇಕು. ಅಲ್ಲಿ ತನಕ ಅಮ್ಮನ ಕುತ್ತಿಗೆಯಿಂದ ತೆಗೀರಿ, ಮಕ್ಕಳ ಕೈಗೆ ಕೊಡ್ಬೇಡಿ, ಒಡೆದು ಪುಡಿ ಮಾಡೋಕೆ ಹೋಗ್ಬೇಡಿ. ವಿಕಿರಣ ಇಲ್ದಿದ್ರೂ ಮಂಡಿಗೆ ಅದ್ರಿಂದ ಎಂಥದೂ ಆಗಲ್ಲ. ಮೂಳೆ ಡಾಕ್ಟ್ರಿಗೆ ತೋರ್ಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆದ್ರೂ ಸರಿ.

ಪ್ರಶ್ನೆ: ಬಿಗ್ ಬ್ಯಾಂಗ್ ಆಗಿದ್ದು ಯಾವ ಜಾಗದಲ್ಲಿ?

ಉತ್ತರ: ಸುಮಾರು 1380 ಕೋಟಿ ವರ್ಷದ ಹಿಂದೆ, ಎಲ್ಲ ಜಾಗದಲ್ಲೂ. ಭದ್ರಾವತಿಯಲ್ಲೂ.

ಪ್ರಶ್ನೆ: ಗ್ರಹಣದ ಹೊತ್ತಲ್ಲಿ ಊಟ ಮಾಡ್ಬಹುದಾ?

ಉತ್ತರ: ಮಾಡಿ. ಸೂರ್ಯನ್ನ ಬರಿಗಣ್ಣಲ್ಲಿ ನೋಡ್ಬೇಡಿ, ಎಕ್ಸ್‌ರೇ ಫಿಲ್ಮ್ ಹಿಡ್ಕೊಂಡೂ ನೋಡ್ಬೇಡಿ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಬೋರ್‌ವೆಲ್ ಪಾಯಿಂಟ್ ಹೇಳ್ತಾರಲ್ಲ, ಅದ್ರಲ್ಲೂ ಕ್ವಾಂಟಮ್ ಏನಾದ್ರೂ ಇದೆಯಾ?

ಉತ್ತರ: ಇಲ್ಲ. ಕಾಯಿ ಎಬ್ಬಿಸೋದು ನೀರಲ್ಲ, ಅವರ ಕೈ. ಜಿಯಾಲಜಿಸ್ಟ್ ಕರೀರಿ.

ಪ್ರಶ್ನೆ: ಬಿಎಸ್ಸಿ ಓದ್ತಿದೀನಿ. ಕ್ವಾಂಟಮ್ ಕಲಿಯೋಕೆ ಒಳ್ಳೆ ವಿಡಿಯೋ ಯಾವ್ದು ಸರ್?

ಉತ್ತರ: ವಿಡಿಯೋ ಆಮೇಲೆ. ಮೊದಲು ಮ್ಯಾಟ್ರಿಕ್ಸ್, ಕಾಂಪ್ಲೆಕ್ಸ್ ನಂಬರ್ ಲೆಕ್ಕ ಕೈಯಲ್ಲಿ ಮಾಡಿ, ಸಿಕ್ಕಿಹಾಕ್ಕೊಂಡ ಜಾಗ ಬರೆದು ಕಳಿಸಿ, ಅಂಥ ಪ್ರಶ್ನೆಗೆ ಎಷ್ಟು ಹೊತ್ತಾದ್ರೂ ಕೂತು ಉತ್ತರ ಬರೀತೀನಿ.