ವಿದುರನ ಅರ್ಥ ಹೇಳಿದವರು ಹೋಟೆಲಿನಲ್ಲಿ ಹಾಗೆ ಬೈದರು

ಪ್ರಶ್ನೆ: ನನಗೆ 27 ವರ್ಷ, ಊರು ಉಡುಪಿ. ಮುಂದಿನ ತಿಂಗಳು ನಿಶ್ಚಿತಾರ್ಥ. ಹುಡುಗ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಾರೆ. ಕೃಷ್ಣ ಸಂಧಾನ ಪ್ರಸಂಗದಲ್ಲಿ ಅವರ ವಿದುರನ ಮಾತು ಕೇಳಿ ನನ್ನ ಕಣ್ಣು ತುಂಬಿತ್ತು. ಮೊನ್ನೆ ರಥಬೀದಿ ಹತ್ತಿರದ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನ ಕೈತಪ್ಪಿ ಅವರ ಅಂಗಿಗೆ ನೀರು ಬಿತ್ತು. ಎಲ್ಲರೆದುರು ಅವನ ಅಪ್ಪ ಅಮ್ಮನನ್ನೂ ಸೇರಿಸಿ ಬೈದರು. ಹೊರಗೆ ಬಂದು, 'ಇಂಥವರಿಗೆ ಹೀಗೆ ಹೇಳದಿದ್ರೆ ತಲೆ ಮೇಲೆ ಕೂರ್ತಾರೆ' ಎಂದು ನಕ್ಕರು. 'ಕುಡಿತ ಇಲ್ಲ, ಸಿಗರೇಟ್ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ' ಎನ್ನುತ್ತಾರೆ ಅಮ್ಮ. ನಾನು ಸಣ್ಣದನ್ನು ದೊಡ್ಡದು ಮಾಡುತ್ತಿದ್ದೇನಾ?

ಉತ್ತರ: ಇಲ್ಲ ತಂಗಿ, ಇದು ಸಣ್ಣದಲ್ಲ.

ಸಿಟ್ಟು ಯಾರಿಗೂ ಬರುತ್ತದೆ. ಹೊರಗೆ ಬಂದ ಮೇಲೆ ಅವರ ಮುಖ ಸಪ್ಪಗಾಗಿದ್ದರೆ, 'ಛೆ, ಸ್ವಲ್ಪ ಜಾಸ್ತಿಯೇ ಆಯ್ತು' ಅಂದಿದ್ದರೆ, ಬೈದದ್ದು ಆ ಹೊತ್ತಿನದ್ದು ಎಂದು ನಾನೇ ಬಿಟ್ಟುಬಿಡಿ ಅನ್ನುತ್ತಿದ್ದೆ. ಅವರು ನಕ್ಕರು. ನನಗೆ ಬೈಗುಳಕ್ಕಿಂತ ಆ ನಗುವೇ ಹೆಚ್ಚು ಚುಚ್ಚಿತು. 'ಇಂಥವರು' ಅನ್ನುವ ಮಾತು ಸಿಟ್ಟಿನಲ್ಲಿ ಬಂದದ್ದಲ್ಲ, ಸಿಟ್ಟು ಇಳಿದ ಮೇಲೆ ಬಂದದ್ದು.

ಹಾಗಾದರೆ ಆ ವಿದುರ? ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಮ್ಮ ಕಡೆ ತಾಳಮದ್ದಳೆಯೇ ಅಲ್ವಾ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಮಾತು ಕಟ್ಟಬೇಕು. ಇವತ್ತು ವಿದುರನಾದವರು ನಾಳೆ ಕೌರವನಾಗಿ ಅಷ್ಟೇ ಗಟ್ಟಿಯಾಗಿ ವಾದಿಸಬೇಕು, ಅದೇ ಆ ಕಲೆಯ ಹೆಚ್ಚುಗಾರಿಕೆ. ಆದ್ದರಿಂದ ಮಾತು ಕೇಳಿ ಮನುಷ್ಯನನ್ನು ಅಳೆಯಲು ಹೋಗಬೇಡಿ ಮಾರಾಯ್ರೆ. ಹಾಗೆ ಅಳೆದರೆ ಕೌರವನ ಅರ್ಥ ಹೇಳುವ ಎಷ್ಟೋ ಸಾಧು ಜನರಿಗೆ ಅನ್ಯಾಯವಾಗುತ್ತದೆ.

ನಿಮ್ಮ ಕಣ್ಣು ತುಂಬಿದ್ದೇನೂ ಸುಳ್ಳಲ್ಲ. ಅವರ ಅಭಿರುಚಿಯೂ ಸುಳ್ಳಲ್ಲ. ಒಳ್ಳೆಯ ಮಾತಿನ ರುಚಿ ಗೊತ್ತಿದ್ದವರಿಗೆ ಎದುರು ನಿಂತವನ ಮುಖ ಕಾಣದೆ ಹೋಗುವುದುಂಟು, ಎರಡೂ ಒಬ್ಬರಲ್ಲೇ ಇರುತ್ತವೆ. ಆದರೂ ನನಗೆ ಬೇಜಾರಾದದ್ದು ಎಲ್ಲಿ ಗೊತ್ತಾ? ಆ ಪ್ರಸಂಗದಲ್ಲಿ ಕೌರವ ವಿದುರನನ್ನು ತುಂಬಿದ ಸಭೆಯಲ್ಲಿ ಹೀಯಾಳಿಸುವುದು ಅವನ ಹುಟ್ಟನ್ನು ಹಿಡಿದು. ನೊಂದ ವಿದುರ ಬಿಲ್ಲು ಮುರಿಯುತ್ತಾನೆ. ಆ ನೋವನ್ನು ನೀವು ಅಳುವ ಹಾಗೆ ಹೇಳಬಲ್ಲವರು, ಒಬ್ಬ ಹುಡುಗನ ತಂದೆ ತಾಯಿಯನ್ನು ಹತ್ತು ಜನರೆದುರು ಎಳೆದು ತಂದರು.

ಅಮ್ಮ ಹೇಳುವುದರಲ್ಲೂ ತಪ್ಪಿಲ್ಲ, ಚಟ ಇಲ್ಲದ್ದು ಒಳ್ಳೆಯದೇ. ಆದರೆ ಅಮ್ಮ ಹೇಳಿದ್ದೆಲ್ಲ ಅವರಲ್ಲಿ ಇಲ್ಲದ್ದರ ಲೆಕ್ಕ. ಇರುವುದು ಏನು ಅಂತ ನೋಡಬೇಕಾದವರು ನೀವು.

ಕದ್ದು ಪರೀಕ್ಷೆ ಮಾಡುವುದು ಬೇಡ, ನೇರ ಕೇಳಿ. 'ಆ ಹುಡುಗನಿಗೆ ಹಾಗೆ ಅಂದದ್ದು ನನಗೆ ಸರಿ ಕಾಣಲಿಲ್ಲ' ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ. ಅವರು ಸುಮ್ಮನಾಗಿ, ಎರಡು ದಿನ ಬಿಟ್ಟು ತಾವಾಗಿಯೇ ಆ ಮಾತು ಎತ್ತಿದರೆ ಸಮಯ ಕೊಡಿ, ಅಂಥವರು ತಿದ್ದಿಕೊಳ್ಳುತ್ತಾರೆ. 'ನಿನಗೆ ಲೋಕ ಗೊತ್ತಿಲ್ಲ' ಎಂದು ಮತ್ತೆ ನಕ್ಕರೆ ನಿಶ್ಚಿತಾರ್ಥ ಮುಂದೆ ಹಾಕಿ. ಹಾಲ್ ಬುಕ್ ಆಗಿದೆ ಎಂದು ಮನೆಯಲ್ಲಿ ಗಲಾಟೆ ಆಗಬಹುದು. ಅಡ್ವಾನ್ಸ್ ಹೋದರೆ ಹೋಗಲಿ. ಅಪ್ಪನ ಹತ್ತಿರ ನೀವೇ ಹೇಳಿ, ಅಮ್ಮನ ಮೂಲಕ ಬೇಡ.