ಜಾಹೀರಾತಿನ ಲೆಕ್ಕ, ಆರ್ಡರ್ ಪುಸ್ತಕದ ಲೆಕ್ಕ

ಪ್ರಶ್ನೆ: ಗಾಣದ ಕೊಬ್ಬರಿ ಎಣ್ಣೆಯನ್ನು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಕಳೆದ ತಿಂಗಳು ಫೇಸ್‌ಬುಕ್–ಇನ್‌ಸ್ಟಾಗ್ರಾಂನಿಂದ 80 ಆರ್ಡರ್, ಗೂಗಲ್ ಆ್ಯಡ್ಸ್‌ನಿಂದ 55 ಎಂದು ಅವರವರ ಡ್ಯಾಶ್‌ಬೋರ್ಡ್ ತೋರಿಸುತ್ತಿದೆ. ನಮಗೆ ಬಂದದ್ದೇ ಒಟ್ಟು 104. ಯಾರನ್ನು ನಂಬುವುದು?
– ಓದುಗರು, ತಿಪಟೂರು

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಒಂದೇ ಆರ್ಡರನ್ನು ಇಬ್ಬರೂ ತಮ್ಮ ಖಾತೆಗೆ ಬರೆದುಕೊಂಡಿದ್ದಾರೆ. ಸೋಮವಾರ ಇನ್‌ಸ್ಟಾಗ್ರಾಂ ಜಾಹೀರಾತು ಒತ್ತಿದ ಗ್ರಾಹಕಿ ಗುರುವಾರ ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಮೇಲೆ ಕಂಡ ನಿಮ್ಮದೇ ಜಾಹೀರಾತು ಒತ್ತಿ ಎಣ್ಣೆ ಕೊಂಡರೆ ಎರಡೂ ಕಡೆ ಒಂದೊಂದು ಆರ್ಡರ್. ಸೆಟ್ಟಿಂಗ್ ಮುಟ್ಟದೆ ಬಿಟ್ಟಿದ್ದರೆ ಮೆಟಾ (ಫೇಸ್‌ಬುಕ್–ಇನ್‌ಸ್ಟಾಗ್ರಾಂನ ಕಂಪನಿ), ಒತ್ತಿದ 7 ದಿನದೊಳಗಿನ ಮತ್ತು ಬರೀ ನೋಡಿದ 1 ದಿನದೊಳಗಿನ ಖರೀದಿಯನ್ನು ಎಣಿಸುತ್ತದೆ. ಗೂಗಲ್ ಆ್ಯಡ್ಸ್ ಒತ್ತಿದ 30 ದಿನದವರೆಗೂ ಕಾಯುತ್ತದೆ. ಅದರ ಮೇಲೆ ಗೂಗಲ್ ಆರ್ಡರನ್ನು ಒತ್ತಿದ ತಾರೀಖಿಗೆ ಜಮಾ ಮಾಡುತ್ತದೆ. 28ರಂದು ಒತ್ತಿ 3ರಂದು ಕೊಂಡರೆ ಅದು ಹಿಂದಿನ ತಿಂಗಳ ಲೆಕ್ಕ. ತಿಂಗಳ ಲೆಕ್ಕ ತಾಳೆಯಾಗದಿರಲು ಅರ್ಧ ಕಾರಣ ಇದೇ.

ನಂಬಬೇಕಾದದ್ದು ನಿಮ್ಮ ಆರ್ಡರ್ ಪುಸ್ತಕವನ್ನು. ಒಂದು ಶೀಟ್ ತೆರೆದು ಆರ್ಡರ್ ನಂಬರ್, ತಾರೀಖು, ಎಲ್ಲಿಂದ ಬಂದದ್ದು, ಮೊತ್ತ, ಕ್ಯಾಶ್ ಆನ್ ಡೆಲಿವರಿಯೋ ಮುಂಗಡವೋ, ತಲುಪಿತೋ ವಾಪಸ್ಸಾಯಿತೋ ಎಂದು ಆರು ಕಾಲಂ ಹಾಕಿ. ಕೊನೆಯ ಕಾಲಂ ಬಿಟ್ಟವರೇ ಹೆಚ್ಚು, ದುಡ್ಡು ಸೋರುವುದೂ ಅಲ್ಲೇ.

ಉದಾಹರಣೆಗೆ ಮೆಟಾಕ್ಕೆ 20,000 ರೂ. ಹಾಕಿದ್ದೀರಿ ಎಂದುಕೊಳ್ಳಿ. ಡ್ಯಾಶ್‌ಬೋರ್ಡಿನ 80 ಆರ್ಡರಿಗೆ ಭಾಗಿಸಿದರೆ ತಲಾ 250 ರೂ., ನೋಡಲು ಚೆಂದ. ಶೀಟಿನಲ್ಲಿ ಅಲ್ಲಿಂದ ಬಂದದ್ದು 62, ಅದರಲ್ಲಿ ಕ್ಯಾಶ್ ಆನ್ ಡೆಲಿವರಿಯ 14 ವಾಪಸ್ ಎಂದಾದರೆ ಉಳಿದದ್ದು 48. ವಾಪಸ್ಸಾದ ಪ್ರತಿ ಪಾರ್ಸೆಲ್ಲಿಗೆ ಹೋಗಿ ಬರುವ ಕೊರಿಯರ್ 120 ರೂ.ನಂತೆ 1,680 ಸೇರಿಸಿ. ಕೈಸೇರಿದ ಪ್ರತಿ ಆರ್ಡರಿಗೆ ಸುಮಾರು 452 ರೂ. ಖರ್ಚು. ಜಾಹೀರಾತಿನ ಖರ್ಚಿಗೆ ಮೊದಲು ಆರ್ಡರಿಗೆ ಉಳಿಯುವುದು 380 ರೂ. ಎಂದಾದರೆ ಈ ಜಾಹೀರಾತು ಪ್ರತಿ ಮಾರಾಟದಲ್ಲೂ 72 ರೂ. ತಿನ್ನುತ್ತಿದೆ. ಅದೇ ಗ್ರಾಹಕರು ಮತ್ತೆ ಮತ್ತೆ ಕೊಳ್ಳುವುದಾದರೆ ಮಾತು ಬೇರೆ. ಅದಕ್ಕೂ ಫೋನ್ ನಂಬರ್ ಹಿಡಿದು ಶೀಟಿನಲ್ಲೇ ಹುಡುಕಿ ನೋಡಬೇಕು.

ಪ್ರಶ್ನೆ: ಇಳಕಲ್ ಸೀರೆಗಳ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಗೂಗಲ್ ಅನಾಲಿಟಿಕ್ಸ್ 4ರಲ್ಲಿ (ಸೈಟಿಗೆ ಬಂದವರ ಲೆಕ್ಕ ಇಡುವ ಸಾಧನ) ಅರ್ಧಕ್ಕರ್ಧ 'ಡೈರೆಕ್ಟ್' ಎಂದೇ ಬರುತ್ತದೆ. ಯುಪಿಐನಲ್ಲಿ ದುಡ್ಡು ಬಂದ ಕೆಲವು ಆರ್ಡರ್‌ಗಳು ಅಲ್ಲಿ ಕಾಣುವುದೇ ಇಲ್ಲ.
– ಓದುಗರು, ಬಾಗಲಕೋಟೆ

ಉತ್ತರ: 'ಡೈರೆಕ್ಟ್' ಎಂದರೆ ಎಲ್ಲಿಂದ ಬಂದರೆಂದು ಗೊತ್ತಾಗಲಿಲ್ಲ ಎಂದಷ್ಟೇ. ವಾಟ್ಸ್‌ಆ್ಯಪ್‌ನಿಂದ ಒತ್ತಿದ ಲಿಂಕು ಹೆಚ್ಚಾಗಿ ಇಲ್ಲಿಗೇ ಬಂದು ಬೀಳುತ್ತದೆ. ಕಳಿಸುವ ಪ್ರತಿ ಲಿಂಕಿಗೂ ಯುಟಿಎಂ ಗುರುತು, ಅಂದರೆ ಎಲ್ಲಿಂದ ಬಂದರೆಂದು ಹೇಳುವ ಪದಗಳನ್ನು ಲಿಂಕಿನ ಕೊನೆಗೆ ಸೇರಿಸಿ: ಸೋರ್ಸ್ (ಎಲ್ಲಿಂದ), ಮೀಡಿಯಂ (ಯಾವ ಬಗೆಯ ದಾರಿ), ಕ್ಯಾಂಪೇನ್ (ಯಾವ ಪ್ರಚಾರ), ಈ ಮೂರು ಸಾಕು. ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಿರಿ. ಒಬ್ಬರು ದೊಡ್ಡಕ್ಷರ, ಇನ್ನೊಬ್ಬರು ಸಣ್ಣಕ್ಷರ ಹಾಕಿದರೆ ವರದಿಯಲ್ಲಿ ಎರಡು ಬೇರೆ ಸಾಲಾಗುತ್ತವೆ. ನಿಮ್ಮದೇ ಸೈಟಿನ ಒಳಗಿನ ಬ್ಯಾನರ್‌ಗೆ ಮಾತ್ರ ಇದನ್ನು ಹಾಕಬೇಡಿ, ಗ್ರಾಹಕರು ಮೊದಲು ಬಂದ ದಾರಿಯ ಗುರುತು ಕಲಸಿಹೋಗುತ್ತದೆ.

ಯುಪಿಐ ಕಥೆ ಬೇರೆ. ಗ್ರಾಹಕರು ಯುಪಿಐ ಆ್ಯಪ್‌ಗೆ ಹೋಗಿ ದುಡ್ಡು ಕಟ್ಟಿ ಅಲ್ಲೇ ಫೋನ್ ಪಕ್ಕಕ್ಕಿಡುತ್ತಾರೆ. ಬ್ರೌಸರಿಗೆ ಮರಳದಿದ್ದರೆ 'ಧನ್ಯವಾದ' ಪುಟ ತೆರೆಯುವುದಿಲ್ಲ, ಅನಾಲಿಟಿಕ್ಸ್‌ಗೆ ಖರೀದಿಯ ಸುದ್ದಿ ಹೋಗುವುದಿಲ್ಲ. ಪೇಮೆಂಟ್ ಗೇಟ್‌ವೇ ಕಳಿಸುವ ವೆಬ್‌ಹುಕ್ (ದುಡ್ಡು ಬಂತೆಂದು ತಾನಾಗಿ ಬರುವ ಸಂದೇಶ) ಹಿಡಿದು ಸರ್ವರಿನಿಂದಲೇ ಖರೀದಿಯನ್ನು ಕಳಿಸುವಂತೆ ಡೆವಲಪರ್‌ಗೆ ಹೇಳಿ. ಬ್ರೌಸರ್ ಮತ್ತು ಸರ್ವರ್ ಎರಡರಲ್ಲೂ ಟ್ರಾನ್ಸಾಕ್ಷನ್ ಐಡಿ ಜಾಗದಲ್ಲಿ ಒಂದೇ ಆರ್ಡರ್ ನಂಬರ್ ಇರಲಿ, ಇಲ್ಲವಾದರೆ ಎರಡು ಸಲ ಎಣಿಕೆಯಾಗುತ್ತದೆ. ಮರಳಿ ಬಂದವರ ಮಾರಾಟ ಗೇಟ್‌ವೇ ಹೆಸರಿಗೆ ಜಮಾ ಆಗುತ್ತಿದ್ದರೆ ಅದರ ಡೊಮೇನನ್ನು 'ಅನ್‌ವಾಂಟೆಡ್ ರೆಫರಲ್ಸ್' ಪಟ್ಟಿಗೆ, ಅಂದರೆ ಬಂದ ದಾರಿಯೆಂದು ಎಣಿಸಬಾರದ ಸೈಟುಗಳ ಪಟ್ಟಿಗೆ, ಸೇರಿಸಿ.

ಇನ್ನೊಂದು, ಇವತ್ತೇ ಮಾಡಿ: ಅನಾಲಿಟಿಕ್ಸ್‌ನಲ್ಲಿ ಡೇಟಾ ರಿಟೆನ್ಷನ್ (ವಿವರಗಳನ್ನು ಎಷ್ಟು ಕಾಲ ಉಳಿಸಿಡಬೇಕೆಂಬ ಸೆಟ್ಟಿಂಗ್) ತಾನಾಗಿ 2 ತಿಂಗಳಿಗೆ ಇರುತ್ತದೆ, 14ಕ್ಕೆ ಬದಲಿಸಿ. ಹಾಗೇ ಬಿಟ್ಟರೆ ಈ ದೀಪಾವಳಿಯನ್ನು ಹೋದ ದೀಪಾವಳಿಯ ಜೊತೆ 'ಎಕ್ಸ್‌ಪ್ಲೋರ್' ವಿಭಾಗದಲ್ಲಿ ಹೋಲಿಸಲಾಗದು. ಅಳಿಸಿಹೋದದ್ದು ವಾಪಸ್ ಬರುವುದಿಲ್ಲ.

ಪ್ರಶ್ನೆ: ಸೈಟಿನ 'ಕೊಳ್ಳಿ' ಬಟನ್‌ಗೆ ಎರಡು ಬಣ್ಣ ಹಾಕಿ ನೋಡಿದೆವು. ಹಸಿರು ಬಟನ್‌ನಲ್ಲಿ 300 ಜನಕ್ಕೆ 6 ಆರ್ಡರ್, ಕೇಸರಿಯಲ್ಲಿ 300ಕ್ಕೆ 9. ಕೇಸರಿಯನ್ನೇ ಇಟ್ಟುಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಇಟ್ಟುಕೊಳ್ಳಿ, ಆದರೆ ಅದು ಗೆದ್ದಿತು ಎನ್ನಬೇಡಿ. ಮೂರು ಆರ್ಡರಿನ ವ್ಯತ್ಯಾಸ ಬರೀ ಆಕಸ್ಮಿಕವೂ ಆಗಿರಬಹುದು. ನೂರಕ್ಕೆ 2 ಇದ್ದದ್ದು ಎರಡೂವರೆ ಆಯಿತೆಂದು ಖಚಿತವಾಗಿ ಹೇಳಲು ಒಂದೊಂದು ಬದಿಗೆ ಸುಮಾರು 14,000 ಜನ ಬೇಕು, 2 ಇದ್ದದ್ದು 4 ಆಯಿತೆನ್ನಲು ಸುಮಾರು 1,200 ಸಾಕು. ಜನ ಕಡಿಮೆ ಬರುವ ಸೈಟಿನಲ್ಲಿ ಬಣ್ಣ ಪರೀಕ್ಷಿಸುವುದು ವ್ಯರ್ಥ. ಡೆಲಿವರಿ ಚಾರ್ಜನ್ನು ಮೊದಲೇ ತೋರಿಸುವುದು, ಮುಂಗಡ ಕಟ್ಟಿದವರಿಗೆ 50 ರೂ. ಬಿಡುವುದು, ಇಂಥ ದೊಡ್ಡ ಬದಲಾವಣೆಯನ್ನೇ ಪರೀಕ್ಷಿಸಿ. ಪೂರ್ತಿ ವಾರಗಳ ಲೆಕ್ಕದಲ್ಲಿ ನಡೆಸಿ, ಸಂಬಳದ ವಾರವೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಪ್ರಶ್ನೆ: ಬಿಲ್ಲಿನಲ್ಲಿರುವ ಗ್ರಾಹಕರ ಫೋನ್ ನಂಬರ್‌ಗಳನ್ನು ಮೆಟಾಕ್ಕೆ ಹಾಕಿ ಜಾಹೀರಾತು ತೋರಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿಲ್ಲಿಗೆಂದು ಕೊಟ್ಟ ನಂಬರ್ ಜಾಹೀರಾತಿಗೆ ಕೊಟ್ಟ ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿರುವುದೇ ಒಪ್ಪಿಗೆಯ ಮೇಲೆ. ಚೆಕ್‌ಔಟ್ ಪುಟದಲ್ಲಿ ಬೇರೆಯದೇ ಟಿಕ್ ಬಾಕ್ಸ್ ಇಡಿ, ಮೊದಲೇ ಟಿಕ್ ಹಾಕಿಡಬೇಡಿ. ಒಪ್ಪಿದವರ ಪಟ್ಟಿ ಹಾಕುವಾಗ ಪ್ರತಿ ನಂಬರಿಗೂ ಮುಂದೆ 91 ಇರಲಿ, ಬರೀ ಹತ್ತಂಕಿ ಹಾಕಿದರೆ ಎಷ್ಟೋ ನಂಬರ್‌ಗಳು ಹೊಂದಾಣಿಕೆಯಾಗದೆ ಬಿಟ್ಟುಹೋಗಬಹುದು.